ಗೋಡೆಯ ಐವರು, ನೆಲದ ಒಬ್ಬರು



ಚಿತ್ರ-ಶಿಲ್ಪಗಳ ವಿಷಯ ಮಾತಾಡಲು ಕರೆದಾಗ ಒಬ್ಬ ಕಲಾವಿದರ ಬದುಕನ್ನೋ ಒಂದು ಶೈಲಿಯ ಚರಿತ್ರೆಯನ್ನೋ ಎತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ನಾನು ಒಂದು ಪ್ರದರ್ಶನವನ್ನು ಎತ್ತಿಕೊಂಡಿದ್ದೇನೆ. 1949ರ ಜುಲೈ 7ರಂದು ಮುಂಬಯಿಯ ರ್‍ಯಾಂಪರ್ಟ್ ರೋನಲ್ಲಿದ್ದ ಬಾಂಬೆ ಆರ್ಟ್ ಸೊಸೈಟಿಯ ಸಲಾನಿನಲ್ಲಿ ಮುಲ್ಕ್ ರಾಜ್ ಆನಂದ್ ಉದ್ಘಾಟಿಸಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನ ಪ್ರದರ್ಶನ ಅದು. ಗುಂಪಿನಲ್ಲಿ ಆರು ಜನ. ಫ್ರಾನ್ಸಿಸ್ ನ್ಯೂಟನ್ ಸೋಜಾ, ಎಸ್. ಎಚ್. ರಝಾ, ಎಂ. ಎಫ್. ಹುಸೇನ್, ಕೆ. ಎಚ್. ಆರಾ, ಎಚ್. ಎ. ಗಾಡೆ, ಎಸ್. ಕೆ. ಬಾಕ್ರೆ. ಮೊದಲ ಮೂರು ಹೆಸರುಗಳನ್ನು ಇಲ್ಲಿರುವ ಎಲ್ಲರೂ ಕೇಳಿರುತ್ತೀರಿ. ನಾಲ್ಕನೆಯದನ್ನು ಕೆಲವರು, ಐದನೆಯದನ್ನು ಇನ್ನೂ ಕೆಲವರೇ ಬಲ್ಲರು. ಆರನೆಯವರಾದ ಸದಾನಂದ ಬಾಕ್ರೆ ಆ ಗುಂಪಿನ ಒಬ್ಬರೇ ಒಬ್ಬ ಶಿಲ್ಪಿ. ಅವರ ಹೆಸರು ಪಟ್ಟಿಯ ಕೊನೆಗೆ ಬಂದದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಚಿತ್ರ, ಶಿಲ್ಪ ಎರಡೂ ಒಂದೇ ಕೋಣೆ ಹಂಚಿಕೊಂಡಾಗ ಗೋಡೆ ಹೇಗೆ ಗೆಲ್ಲುತ್ತದೆ, ನೆಲ ಹೇಗೆ ಸೋಲುತ್ತದೆ ಎಂಬುದೇ ಈ ಹೊತ್ತಿನ ನನ್ನ ಮಾತು.

ಗುಂಪು ಹುಟ್ಟಿದ್ದು 1947ರಲ್ಲಿ. ಸ್ವಾತಂತ್ರ್ಯದ ಸಂಭ್ರಮವನ್ನು ಕುರಿತು ಆರಾ ಬರೆದ ದೊಡ್ಡ ಚಿತ್ರವನ್ನು ಬಾಂಬೆ ಆರ್ಟ್ ಸೊಸೈಟಿ ತಿರಸ್ಕರಿಸಿತು, ಆ ಸಿಟ್ಟೇ ನೆಪವಾಯಿತು ಎಂದು ಈ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಎರಡು ವರ್ಷ ಕಳೆಯುವುದರೊಳಗೆ ಅದೇ ಸೊಸೈಟಿಯ ಸಲಾನಿನಲ್ಲಿ ಬಂಡಾಯಗಾರರ ಪ್ರದರ್ಶನ ನಡೆಯಿತು. ಕಲಾಲೋಕದ ಜಗಳಗಳ ಆಯುಷ್ಯವೇ ಅಷ್ಟು. ಮೊದಲು ಕೂಡಿದವರು ಸೋಜಾ, ರಝಾ, ಆರಾ. ಆಮೇಲೆ ಮೂವರೂ ತಲಾ ಒಬ್ಬರನ್ನು ಕರೆತಂದರು.

ಆರು ಜನರ ಹಿನ್ನೆಲೆಯನ್ನು ನೋಡಿದರೆ ಇವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತದ್ದೇ ಆಶ್ಚರ್ಯ. ಆರಾ ಸಿಕಂದರಾಬಾದಿನ ಬೊಲಾರಮ್ಮಿನವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಮನೆಗೆಲಸ ಮಾಡಿ ಬದುಕಿದರು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡರು. ಪಂಢರಪುರದಲ್ಲಿ ಹುಟ್ಟಿದ ಹುಸೇನ್ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದವರು. ಗೋವೆಯ ಸಾಲಿಗಾಂವಿನ ಸೋಜಾ ಮುಂಬಯಿಯ ಜೆ. ಜೆ. ಕಲಾಶಾಲೆಯಿಂದ ಹೊರಹಾಕಿಸಿಕೊಂಡವರು. ಮಧ್ಯಪ್ರದೇಶದ ಕಾಡಂಚಿನ ಬಬರಿಯಾದಿಂದ ಬಂದವರು ರಝಾ. ಗಾಡೆ ವಿಜ್ಞಾನದ ಪದವೀಧರರು, ಮೇಷ್ಟರು. ಬರೋಡಾದಲ್ಲಿ 1920ರಲ್ಲಿ ಹುಟ್ಟಿದ ಬಾಕ್ರೆ ಜೆ. ಜೆ. ಶಾಲೆಯಲ್ಲಿ ಮಣ್ಣಿನ ಮಾದರಿ, ಕಲ್ಲಿನ ಕೆತ್ತನೆ ಎರಡರಲ್ಲೂ ಪಳಗಿದವರು. ವ್ಯಕ್ತಿಯ ಹೋಲಿಕೆಯನ್ನು ತಪ್ಪದೆ ಹಿಡಿಯುವ ಭಾವಶಿಲ್ಪಗಳಲ್ಲಿ ಆಗಲೇ ಕೈಪಳಗಿದ್ದ ಬಾಕ್ರೆ, ಆ ಹೋಲಿಕೆಯನ್ನೇ ಮುರಿದು ರೂಪವನ್ನು ಎಳೆದು ತಿರುಚುವ ಕಡೆಗೆ ಹೊರಳಿದ್ದರು. ಬರುತ್ತಿದ್ದ ಸಂಪಾದನೆಯ ದಾರಿಗೆ ತಾವೇ ಬೇಲಿ ಹಾಕಿಕೊಳ್ಳುವುದೆಂದರೆ ಅದು. ಏಕೆಂದರೆ ಆಗ ಶಿಲ್ಪಿಗೆ ಹಣ ಕೊಡುತ್ತಿದ್ದವರು ತಮ್ಮ ತಂದೆಯ ಮುಖ ತಂದೆಯ ಹಾಗೇ ಇರಬೇಕೆಂದು ಬಯಸುವ ಜನ.

ಪ್ರದರ್ಶನದ ಕ್ಯಾಟಲಾಗಿಗೆ ಸೋಜಾ ಬರೆದ ಮುನ್ನುಡಿ ಪ್ರಸಿದ್ಧ. ವಸ್ತುವಿನಲ್ಲಿ, ತಂತ್ರದಲ್ಲಿ ತಮಗೆ ಪೂರ್ಣ ಸ್ವಾತಂತ್ರ್ಯವಿದೆ, ಅದು ಅರಾಜಕತೆಯ ಹತ್ತಿರಕ್ಕೇ ಹೋಗುತ್ತದೆ, ಆದರೂ ಒಂದೆರಡು ಶಾಶ್ವತ ನಿಯಮಗಳಿಗೆ ತಾವು ಬದ್ಧರು ಎಂಬುದು ಅದರ ಸಾರ. ಅವರು ಹೇಳುವ ನಿಯಮಗಳು ಸೌಂದರ್ಯದ ಶಿಸ್ತು, ರೂಪಗಳ ಹೊಂದಾಣಿಕೆ, ಬಣ್ಣಗಳ ಸಂಯೋಜನೆ. ಮೊದಲ ಎರಡು ಶಿಲ್ಪಿಗೂ ಸಲ್ಲುತ್ತವೆ. ಮೂರನೆಯದರ ಬಳಿ ಬಾಕ್ರೆ ಏನು ಮಾಡಬೇಕಿತ್ತು? ಬಾಗಿಲಲ್ಲೇ ನಿಲ್ಲಬೇಕಿತ್ತು. ಸೋಜಾ ಇದನ್ನು ಬೇಕೆಂದು ಮಾಡಿದರೆಂದು ನಾನು ಹೇಳುವುದಿಲ್ಲ. ಐದು ಜನ ಚಿತ್ರಕಾರರ ಪರವಾಗಿ ಒಬ್ಬ ಚಿತ್ರಕಾರ ಬರೆಯಲು ಕೂತಾಗ ಆರನೆಯವರ ಕಸುಬು ತಾನಾಗಿಯೇ ಕಣ್ತಪ್ಪಿ ಹೋಗುತ್ತದೆ. ಗುಂಪು ಪ್ರದರ್ಶನಗಳ ಮುನ್ನುಡಿಗಳಲ್ಲಿ ಇಂದಿಗೂ ನಡೆಯುವುದು ಇದೇ.

ಆ ಕೋಣೆಯ ಒಳಗೆ ಸ್ವಲ್ಪ ಹೊತ್ತು ನಿಲ್ಲೋಣ. ಜುಲೈ ಎಂದರೆ ಮುಂಬಯಿಯಲ್ಲಿ ಮಳೆ ಸುರಿಯುವ ಕಾಲ. ತೈಲವರ್ಣಕ್ಕೆ ಇದಕ್ಕಿಂತ ಕೆಟ್ಟ ತಿಂಗಳಿಲ್ಲ. ಜಲವರ್ಣ ನೀರು ಆರಿದರೆ ಒಣಗುತ್ತದೆ. ಎಣ್ಣೆಯಲ್ಲಿ ಅರೆದ ಬಣ್ಣ ಆ ರೀತಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳು ಲೇಪ ಕೆಲವು ದಿನಗಳಲ್ಲಿ ಕೈಗೆ ಅಂಟದಷ್ಟು ಆರೀತು, ಆದರೆ ಚಾಕುವಿನಲ್ಲಿ ದಪ್ಪಗೆ ಮೆತ್ತಿದ ಬಣ್ಣ ಒಳಗೆ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಈ ತಡವೇ ತೈಲದ ಹಿರಿಮೆ. ನಿನ್ನೆ ಹಚ್ಚಿದ್ದನ್ನು ಇವತ್ತು ತಿದ್ದಬಹುದು, ಕೆರೆದು ತೆಗೆಯಬಹುದು, ಒಂದು ಬಣ್ಣದ ಅಂಚನ್ನು ಇನ್ನೊಂದರೊಳಗೆ ಕರಗಿಸಬಹುದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಲ್ಲಿ ಕೆಟಲ್‌ನಂಥ ಸಂಚಾರಿ ಐರೋಪ್ಯ ಚಿತ್ರಕಾರರ ಜತೆ ಹಡಗು ಹತ್ತಿ ಬಂದ ಈ ಮಾಧ್ಯಮವನ್ನು ರವಿವರ್ಮ ನಮ್ಮದಾಗಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಚಿತ್ರಗಳನ್ನು ಕಂಡವರಿಗೆ ತೈಲವರ್ಣ ಚರ್ಮದ, ರೇಷ್ಮೆಯ ಹೊಳಪನ್ನು ಹೇಗೆ ಹಿಡಿಯುತ್ತದೆಂದು ಗೊತ್ತು. 1949ರ ಹುಡುಗರು ಆ ಹೊಳಪನ್ನೇ ಬೇಡವೆಂದರು. ಸೋಜಾರ ದಪ್ಪ ಕಪ್ಪು ಗೆರೆ, ಆರಾರ ಒರಟು ಮೈಮಾಟ, ರಝಾರ ಆ ಕಾಲದ ನಿಸರ್ಗ ದೃಶ್ಯಗಳು, ಇವುಗಳ ಮುಂದೆ ರವಿವರ್ಮರ ನಯಗಾರಿಕೆ ಅಜ್ಜನ ಕಾಲದ್ದಾಗಿ ಕಾಣುತ್ತದೆ.

ಶಿಲ್ಪಿಯ ಕಷ್ಟ ಬೇರೆ ಜಾತಿಯದು. ಮೊದಲು ಕಬ್ಬಿಣದ ಸರಳಿನ ಒಳಗೂಡು ಕಟ್ಟಬೇಕು, ಅದರ ಮೇಲೆ ಮಣ್ಣು ಮೆತ್ತಬೇಕು. ಕೆಲಸ ಮುಗಿಯುವ ತನಕ ದಿನಾ ಒದ್ದೆ ಬಟ್ಟೆ ಸುತ್ತಿ ಅದು ಬಿರಿಯದಂತೆ ಕಾಯಬೇಕು. ಮಣ್ಣಿನ ರೂಪ ಸಿದ್ಧವಾದರೆ ಅದು ಅರ್ಧ ಕೆಲಸ. ಆಮೇಲೆ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಅಚ್ಚನ್ನು ಉಳಿಯಿಂದ ಒಡೆದು ತೆಗೆಯಬೇಕು. ಈ ಹಂತದಲ್ಲಿ ಮಣ್ಣಿನ ಮೂಲವೂ ಹಾಳು, ಅಚ್ಚೂ ಹಾಳು, ಉಳಿಯುವುದು ಒಂದೇ ಒಂದು ಬಿಳಿ ಪ್ರತಿ. ಅದನ್ನು ಕಂಚಿಗೆ ಇಳಿಸಬೇಕಾದರೆ ಮೇಣದ ಪ್ರತಿ, ಎರಕದ ಮನೆ, ಲೋಹದ ಬೆಲೆ, ಎರಕದವರ ಕೂಲಿ ಎಲ್ಲವೂ ಬೇಕು. ಯಾರೋ ಮುಂಗಡ ಕೊಟ್ಟು ಮಾಡಿಸದ ಹೊರತು ತರುಣ ಶಿಲ್ಪಿ ಪ್ಲಾಸ್ಟರಿನಲ್ಲೇ ನಿಲ್ಲುತ್ತಿದ್ದ, ಅದಕ್ಕೆ ಕಂಚಿನ ಬಣ್ಣ ಬಳಿದು ಪ್ರದರ್ಶನಕ್ಕೆ ಇಡುತ್ತಿದ್ದ. ಜಿ. ಕೆ. ಮ್ಹಾತ್ರೆ 1896ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ದೇಶದ ಹೆಸರಾಂತ ಶಿಲ್ಪಿಯಾದದ್ದು ದೇವಾಲಯಕ್ಕೆ ಹೊರಟ ಹೆಣ್ಣಿನ ಪ್ಲಾಸ್ಟರ್ ಮೂರ್ತಿಯಿಂದ. ಆ ಮೇಲೆ ಅವರ ಬದುಕೆಲ್ಲ ರಾಜರಾಣಿಯರ, ಶ್ರೀಮಂತರ ಪ್ರತಿಮೆಗಳಲ್ಲಿ ಕಳೆಯಿತು. ಪ್ಲಾಸ್ಟರಿಗೆ ತೇವ ಆಗದು, ತಟ್ಟಿದರೆ ಮೂಗು ಹೋಗುತ್ತದೆ. ನಾಲ್ಕಡಿ ಕ್ಯಾನ್ವಾಸನ್ನು ಒಬ್ಬರೇ ಕಂಕುಳಲ್ಲಿ ಇಟ್ಟುಕೊಂಡು ಟ್ರ್ಯಾಮ್ ಹತ್ತಬಹುದಿತ್ತು. ಆಳೆತ್ತರದ ಪ್ಲಾಸ್ಟರ್ ಮೂರ್ತಿಗೆ ಗಾಡಿ, ಹುಲ್ಲು, ಹಗ್ಗ, ನಾಲ್ಕು ಆಳು ಬೇಕು.

ಕೊಳ್ಳುವವರು ಯಾರಿದ್ದರು? ಈ ಆರು ಜನರಿಗೆ ಆಸರೆಯಾದವರಲ್ಲಿ ಮುಖ್ಯರು ಯುರೋಪಿನಿಂದ ಬಂದು ಮುಂಬಯಿಯಲ್ಲಿ ನೆಲೆನಿಂತ ಮೂವರು. ಟೈಮ್ಸ್ ಆಫ್ ಇಂಡಿಯಾದ ಕಲಾ ನಿರ್ದೇಶಕ ವಾಲ್ಟರ್ ಲಾಂಗ್‌ಹ್ಯಾಮರ್, ಅದೇ ಪತ್ರಿಕೆಗೆ ಕಲಾವಿಮರ್ಶೆ ಬರೆಯುತ್ತಿದ್ದ ರೂಡಿ ಫಾನ್ ಲೈಡನ್, ಚಿತ್ರಗಳನ್ನು ಕೊಂಡು ಕೂಡಿಸುತ್ತಿದ್ದ ಇಮ್ಯಾನುಯೆಲ್ ಶ್ಲೆಸಿಂಗರ್. ಹಿಟ್ಲರನ ಯುರೋಪು ಕಳೆದುಕೊಂಡದ್ದು ಮುಂಬಯಿಗೆ ದಕ್ಕಿತು. ಇವರ ಜತೆಗೆ ಇನ್ನೊಬ್ಬರನ್ನು ಸೇರಿಸಬೇಕು, ಕೇಕೂ ಗಾಂಧಿ. 1941ರಲ್ಲಿ ಅವರು ಆರಂಭಿಸಿದ್ದು ಕೆಮೋಲ್ಡ್ ಎಂಬ ಚಿತ್ರದ ಚೌಕಟ್ಟುಗಳ ವ್ಯಾಪಾರ. ಫ್ರೇಮ್ ಮಾರಲು ಫ್ರೇಮಿನೊಳಗೆ ಏನಾದರೂ ಇರಬೇಕಲ್ಲ! ಹೀಗಾಗಿ ಆರಾ, ನಮ್ಮ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರ್ ಮುಂತಾದವರ ಚಿತ್ರಗಳು ಅಂಗಡಿಯಲ್ಲಿ ತೂಗತೊಡಗಿದವು. 1963ರಲ್ಲಿ ಅದೇ ಗ್ಯಾಲರಿ ಕೆಮೋಲ್ಡ್ ಆಗಿ ಜಹಾಂಗೀರ್ ಕಲಾ ಗ್ಯಾಲರಿಯ ಮಹಡಿ ಸೇರಿತು. ಮುಂಬಯಿಯ ಆಧುನಿಕ ಕಲೆಯ ಮಾರುಕಟ್ಟೆಗೆ ಒಂದು ಬಾಗಿಲು ತೆರೆದದ್ದು ಚೌಕಟ್ಟಿನ ಅಂಗಡಿಯಿಂದ ಎಂಬ ಸಂಗತಿಯನ್ನು ನಾವು ಸಾಕಷ್ಟು ಗಮನಿಸಿಲ್ಲ. ಶಿಲ್ಪಕ್ಕೆ ಚೌಕಟ್ಟು ಬೇಡ. ಆದ್ದರಿಂದ ಆ ಬಾಗಿಲಲ್ಲಿ ಅದಕ್ಕೆ ಕೆಲಸವಿರಲಿಲ್ಲ.

ಹೆಬ್ಬಾರರು ಗುಂಪಿನ ಸದಸ್ಯರಾಗಿರಲಿಲ್ಲ. ವಯಸ್ಸಿನಲ್ಲಿ ಹಿರಿಯರು, 1911ರಲ್ಲಿ ಹುಟ್ಟಿದವರು, ಜೆ. ಜೆ. ಶಾಲೆಯಲ್ಲಿ ಕಲಿಸಿದವರು. ಆದರೆ ಮುಂಬಯಿಯ ಕಲಾವಿದರಿಗೆ ಬಾಡಿಗೆ ಸಭಾಂಗಣಗಳ ಹಂಗಿಲ್ಲದ ಒಂದು ತಾಣ ಬೇಕೆಂದು ಸರ್ ಕಾವಸ್‌ಜಿ ಜಹಾಂಗೀರರ ಮನವೊಲಿಸಿದವರಲ್ಲಿ ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಇದ್ದರು. 1952ರಲ್ಲಿ ಜಹಾಂಗೀರ್ ಗ್ಯಾಲರಿ ತೆರೆಯಿತು. ಉಡುಪಿಯ ಕಡೆಯ ಹಳ್ಳಿಯಿಂದ ಹೋದ ಒಬ್ಬರು ಮುಂಬಯಿಯ ಎಲ್ಲ ಕಲಾವಿದರಿಗೂ ಗೋಡೆ ಕೊಡಿಸಿದರೆಂದು ನಾವು ಹೆಮ್ಮೆಪಡಬಹುದು.

ಗೋಡೆ ಎಂದೆ. ಕನ್ನಡ ನಾಡಿನವರು ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿ ಹೋದರು. ಮುಂದಿನ ಶತಮಾನದಲ್ಲಿ ಮಲ್ಲಿತಮ್ಮನ ಹೆಸರು ಒಂದಲ್ಲ, ಹಲವು ಗುಡಿಗಳಲ್ಲಿ ಸಿಗುತ್ತದೆ. ಆ ಕಾಲದ ಒಬ್ಬ ಚಿತ್ರಕಾರನ ಹೆಸರನ್ನಾದರೂ ಇಷ್ಟೇ ಸಲೀಸಾಗಿ ಯಾರಾದರೂ ಹೇಳಬಲ್ಲರೇ? ನಮ್ಮಲ್ಲಿ ಶಿಲ್ಪಿಯೇ ಹೆಸರುಳ್ಳವನಾಗಿದ್ದ. ಗೋಡೆ, ಕಂಬ, ಚಾಚುಪಟ್ಟಿ ಎಲ್ಲವೂ ಅವನವೇ ಆಗಿದ್ದವು. ಕಟ್ಟಡದ ಮೈಯಾಗಿದ್ದ ಶಿಲ್ಪವನ್ನು ಬಿಡಿಸಿ, ಒಂದು ಪೀಠದ ಮೇಲೆ ನಿಲ್ಲಿಸಿ, ಬೆಲೆಚೀಟಿ ಅಂಟಿಸಿದ್ದು ಗ್ಯಾಲರಿ ಎಂಬ ಹೊಸ ವ್ಯವಸ್ಥೆ. ಹೊತ್ತೊಯ್ಯಬಲ್ಲ, ಕೊಳ್ಳಬಲ್ಲ, ಮನೆಯ ಗೋಡೆಗೆ ಹಾಕಬಲ್ಲ ವಸ್ತುವಿಗಾಗಿ ಕಟ್ಟಿದ ಕೋಣೆ ಅದು. ಆ ಅಳತೆಗೆ ಕ್ಯಾನ್ವಾಸ್ ಹೊಂದಿಕೊಂಡಷ್ಟು ಸರಾಗವಾಗಿ ಕಲ್ಲು, ಲೋಹ ಹೊಂದಿಕೊಳ್ಳಲಾರವು.

ಇದನ್ನು ಎಲ್ಲರಿಗಿಂತ ಮೊದಲೇ ಮನಗಂಡವರು ರಾಮಕಿಂಕರ್ ಬೈಜ್ ಇರಬೇಕು. ಶಾಂತಿನಿಕೇತನದಲ್ಲಿ 1938ರಲ್ಲಿ ಅವರು ನಿಲ್ಲಿಸಿದ ‘ಸಂತಾಲ ಕುಟುಂಬ’ ಸಿಮೆಂಟು, ಕೆಂಪು ಮುರಕಲ್ಲಿನ ಚೂರುಗಳಿಂದ ಆದದ್ದು. ಬಯಲಲ್ಲೇ ನಿಂತಿದೆ. ಕಂಚಿಗೆ ಹಣವಿಲ್ಲ, ಅಮೃತಶಿಲೆಗೆ ಗತಿಯಿಲ್ಲ ಎಂದು ಕೈಕಟ್ಟಿ ಕೂರದೆ ಕಟ್ಟಡದ ಸಾಮಗ್ರಿಯನ್ನೇ ಎತ್ತಿಕೊಂಡರು. ತೈಲವರ್ಣದಲ್ಲೂ ಅಷ್ಟೇ ಗಟ್ಟಿಗರಾಗಿದ್ದ ರಾಮಕಿಂಕರ್ ತಮ್ಮ ಮುಖ್ಯ ಶಿಲ್ಪವನ್ನು ಕೋಣೆಯೊಳಗೆ ತರಲೇ ಇಲ್ಲ. ನನ್ನ ಮಟ್ಟಿಗೆ ಇಪ್ಪತ್ತನೆಯ ಶತಮಾನದ ಭಾರತೀಯ ಶಿಲ್ಪದಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಮುಂಬಯಿಯ ಆರು ಜನ ಬಂಡಾಯಕ್ಕೆ ಅಣಿಯಾಗುವುದಕ್ಕೆ ಒಂಬತ್ತು ವರ್ಷ ಮೊದಲೇ ಅದು ಅಲ್ಲಿತ್ತು.

ಬಂಗಾಳದಲ್ಲೇ ಇನ್ನೊಂದು ಉದಾಹರಣೆ ಇದೆ, ಅದು ನನ್ನ ವಾದವನ್ನು ತುಸು ಅಲುಗಿಸುತ್ತದೆ. ಬರಗಾಲದ ವರ್ಷವಾದ 1943ರಲ್ಲಿ ಹುಟ್ಟಿದ ಕಲ್ಕತ್ತಾ ಗ್ರೂಪಿನ ಮುಂದಾಳು ಪ್ರದೋಷ್ ದಾಸ್‌ಗುಪ್ತ ಶಿಲ್ಪಿ, ಅವರ ಪತ್ನಿ ಕಮಲಾ ದಾಸ್‌ಗುಪ್ತ ಕೂಡ ಶಿಲ್ಪಿ. ಮದ್ರಾಸಿನ ಕಲಾಶಾಲೆಯಲ್ಲಿ ದೇವಿಪ್ರಸಾದ್ ರಾಯ್‌ಚೌಧುರಿಯವರ ಕೈಕೆಳಗೆ ಕಲಿತ ಪ್ರದೋಷ್ ಮುಂದೆ ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಹೊಣೆಯನ್ನೂ ಹೊತ್ತರು. ಅಂದರೆ ಗುಂಪಿನ ಕೀಲಿಕೈ ಶಿಲ್ಪಿಯ ಕೈಯಲ್ಲಿದ್ದರೆ ಶಿಲ್ಪಕ್ಕೆ ಜಾಗ ಸಿಗುತ್ತದೆ. 1950ರಲ್ಲಿ ಕಲ್ಕತ್ತೆಯಲ್ಲಿ ಈ ಎರಡೂ ಗುಂಪುಗಳು ಜತೆಯಾಗಿ ಪ್ರದರ್ಶನ ನಡೆಸಿದವು. ಒಂದು ಗುಂಪಿಗೆ ಶಿಲ್ಪಿಯೇ ಸೂತ್ರಧಾರ, ಇನ್ನೊಂದರಲ್ಲಿ ಶಿಲ್ಪಿ ಆರನೆಯವರು. ಆದರೂ ಇಂದು ಕಲ್ಕತ್ತಾ ಗ್ರೂಪಿನ ಯಾರ ಹೆಸರು ಹೆಚ್ಚು ಬಳಕೆಯಲ್ಲಿದೆ ಎಂದು ಕೇಳಿದರೆ ಚಿತ್ರಕಾರ ಪರಿತೋಷ್ ಸೇನ್ ಎಂದೇ ಬಹಳ ಜನ ಹೇಳುತ್ತಾರೆ.

ಮುಂಬಯಿಯ ಗುಂಪು ಪ್ರದರ್ಶನ ಮುಗಿಯುತ್ತಲೇ ಚದುರತೊಡಗಿತು. ಸೋಜಾ ಅದೇ 1949ರಲ್ಲಿ ಲಂಡನ್ನಿಗೆ, ರಝಾ 1950ರಲ್ಲಿ ಪ್ಯಾರಿಸಿಗೆ, ಬಾಕ್ರೆ 1951ರಲ್ಲಿ ಲಂಡನ್ನಿಗೆ ಹೊರಟರು. ತೆರವಾದ ಜಾಗಕ್ಕೆ ಬಂದವರು ಗಾಯ್ತೊಂಡೆ, ಕೃಷನ್ ಖನ್ನಾ, ಮೋಹನ್ ಸಾಮಂತ್. ಮೂವರೂ ಚಿತ್ರಕಾರರು. ಹೋದ ಶಿಲ್ಪಿಗೆ ಬದಲಾಗಿ ಇನ್ನೊಬ್ಬ ಶಿಲ್ಪಿಯನ್ನು ಹುಡುಕಬೇಕೆಂದು ಯಾರಿಗೂ ತೋಚಿದಂತಿಲ್ಲ. 1956ರ ಹೊತ್ತಿಗೆ ಗುಂಪು ಬರಖಾಸ್ತಾಯಿತು.

ಲಂಡನ್ನಿನಲ್ಲಿ ಬಾಕ್ರೆಗೆ ಏನಾಯಿತೆಂಬುದೇ ಈ ಉಪನ್ಯಾಸದ ನಡುಗಂಬ. ಸೋಜಾಗೆ ಲಂಡನ್ ಒಲಿಯಲು ಕೆಲವು ವರ್ಷ ಹಿಡಿಯಿತು, 1955ರಲ್ಲಿ ವಿಕ್ಟರ್ ಮಸ್‌ಗ್ರೇವರ ಗ್ಯಾಲರಿ ಒನ್ನಿನ ಪ್ರದರ್ಶನದಿಂದ ಅವರಿಗೆ ಹೆಸರು ಬಂತು. ಬಾಕ್ರೆ ಅದೇ ಊರಿನಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದರು, ಮತ್ತು ಅಲ್ಲಿ ಕುಂಚ ಹಿಡಿದರು. ಮೊನಚು ಕೋನಗಳ, ತುಂಡುತುಂಡಾದ ರೂಪಗಳ ಅವರ ತೈಲಚಿತ್ರಗಳನ್ನು ನೋಡಿದವರಿಗೆ ಇವು ಶಿಲ್ಪಿಯ ಚಿತ್ರಗಳೆಂದು ಕೂಡಲೇ ತಿಳಿಯುತ್ತದೆ. ಮನೆಗಳ ಸಾಲಿರಲಿ, ನಿಸರ್ಗವಿರಲಿ, ಆಕಾರಗಳನ್ನು ಉಳಿಯಲ್ಲಿ ಹೊಡೆದು ತೆಗೆದ ಹಾಗಿರುತ್ತದೆ. ಈ ಚಿತ್ರಗಳನ್ನು ನಾನು ಕೀಳುಗಟ್ಟುತ್ತಿಲ್ಲ. ಕೆಲವಂತೂ ಗಾಡೆಯವರ ಚಿತ್ರಗಳಿಗಿಂತ ಬಿಗಿಯಾಗಿವೆ. ಆದರೆ ಗುಂಪಿನ ಏಕೈಕ ಶಿಲ್ಪಿ ಪರದೇಶದ ಬಾಡಿಗೆ ಕೋಣೆಯಲ್ಲಿ ಕ್ಯಾನ್ವಾಸಿಗೆ ಹೊರಳಿದ್ದನ್ನು ಬರೀ ಅಭಿರುಚಿಯ ಬದಲಾವಣೆ ಎಂದು ನಾನು ಓದಲಾರೆ. ಕೋಣೆಯ ಅಳತೆ, ಲೋಹದ ಬೆಲೆ, ಗ್ಯಾಲರಿಯ ಮರ್ಜಿ ಮೂರೂ ಸೇರಿ ಕೈಯನ್ನು ಆ ಕಡೆಗೆ ತಿರುಗಿಸುತ್ತವೆ. ಆದರೂ ಬಾಕ್ರೆ ಶಿಲ್ಪವನ್ನು ಪೂರ್ತಿ ಬಿಡಲಿಲ್ಲ. 1975ರಲ್ಲಿ ಭಾರತಕ್ಕೆ ಮರಳಿ, ಮುಂಬಯಿಯ ಕಲಾವಲಯದಿಂದ ದೂರ, ಕೊಂಕಣ ಕರಾವಳಿಯ ಹರ್ಣೈ ಬಳಿಯ ಮುರುಡಿನಲ್ಲಿ ನೆಲೆಸಿದರು. 2007ರಲ್ಲಿ ಅಲ್ಲೇ ತೀರಿಕೊಂಡರು.

ಅವರ ಜತೆಗಾರರ ಬೆಲೆ ಈಗ ಎಲ್ಲಿಗೆ ಮುಟ್ಟಿದೆ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಹುಸೇನ್ 1954ರಲ್ಲಿ ಬರೆದ ‘ಗ್ರಾಮಯಾತ್ರೆ’ ಎಂಬ ತೈಲಚಿತ್ರವನ್ನು ಆಗಲೇ ಒಬ್ಬ ವೈದ್ಯರು ದಿಲ್ಲಿಯಲ್ಲಿ ಕೊಂಡು ನಾರ್ವೆಗೆ ಒಯ್ದಿದ್ದರು. ದಶಕಗಳ ಕಾಲ ಅದು ಓಸ್ಲೋದ ಆಸ್ಪತ್ರೆಯ ಆಸ್ತಿಯಾಗಿತ್ತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 1.38 ಕೋಟಿ ಡಾಲರಿಗೆ ಮಾರಾಟವಾಯಿತು. ಹರಾಜಿನ ಅಂಕಿಯಿಂದ ಕಲೆಯನ್ನು ತೂಗಬಾರದೆಂದು ಹೇಳುವವರಲ್ಲಿ ನಾನೂ ಒಬ್ಬ. ಆದರೆ ಯಾವುದನ್ನು ಸುರುಳಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಸಮುದ್ರ ದಾಟಿಸಿ, ಗೋಡೆಗೆ ಹಾಕಬಹುದೋ ಅದು ತಪ್ಪಿಸಿಕೊಂಡು ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಪ್ಲಾಸ್ಟರ್ ಮೂರ್ತಿಗೆ ಆ ಭಾಗ್ಯವಿಲ್ಲ.

ಇದು ಒಂದೇ ಗುಂಪಿನ ದುರದೃಷ್ಟವಿರಬಹುದಲ್ಲವೇ ಎಂದು ತಾವು ಕೇಳಬಹುದು. 1963ರ ಅಕ್ಟೋಬರಿಗೆ ಬನ್ನಿ. ದಿಲ್ಲಿಯ ರವೀಂದ್ರ ಭವನದಲ್ಲಿ ‘ಗ್ರೂಪ್ 1890’ರ ಪ್ರದರ್ಶನವನ್ನು ನೆಹರೂ ಉದ್ಘಾಟಿಸಿದರು. ಕ್ಯಾಟಲಾಗಿಗೆ ಮುನ್ನುಡಿ ಬರೆದವರು ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೋ ಪಾಸ್. 1890 ಎಂಬುದು ಯಾವ ವರ್ಷವೂ ಅಲ್ಲ, ಹಿಂದಿನ ವರ್ಷ ಗುಂಪಿನವರು ಕೂಡಿ ಮಾತಾಡಿದ ಭಾವನಗರದ ಮನೆಯ ಬಾಗಿಲಿನ ಸಂಖ್ಯೆ. ಹನ್ನೆರಡು ಜನರ ಆ ಗುಂಪಿನಲ್ಲಿ ಶಿಲ್ಪಿಯಾಗಿ ಇದ್ದವರು ರಾಘವ್ ಕನೇರಿಯಾ ಒಬ್ಬರೇ. ಗುಜರಿ ಲೋಹವನ್ನು ಬೆಸೆದು ಶಿಲ್ಪ ಮಾಡುವ ಅವರ ದಾರಿ, ಬಾಕ್ರೆಗೆ ಅಡ್ಡಬಂದ ಎರಕದ ಖರ್ಚಿಗೆ ಒಂದು ಉತ್ತರವೂ ಆಗಿತ್ತು. ಕನೇರಿಯಾ ಮುಂದೆ ಕ್ಯಾಮೆರಾ ಹಿಡಿದು ಗುಜರಾತಿನ ಹಳ್ಳಿಗಳ ಛಾಯಾಚಿತ್ರಕಾರರಾಗಿಯೂ ಹೆಸರಾದರು. ಗುಂಪು ಮತ್ತೆ ಪ್ರದರ್ಶನ ನಡೆಸಲಿಲ್ಲ, ಅದೇ ಮೊದಲು, ಅದೇ ಕೊನೆ.

ಆದರೆ ಇದೇ ಗುಂಪಿನಲ್ಲಿ ಹಿಮ್ಮತ್ ಶಾ ಇದ್ದರು, ಸುಟ್ಟ ಕಾಗದದ ಕೊಲಾಜ್‌ಗಳ ಜತೆ. ಅಂದು ಗೋಡೆಯ ಪಕ್ಷದಲ್ಲಿದ್ದ ಅವರು ಆಮೇಲೆ ನೆಲಕ್ಕಿಳಿದು, ಸುಟ್ಟ ಮಣ್ಣಿನಲ್ಲೂ ಕಂಚಿನಲ್ಲೂ ಮೂಕ ತಲೆಗಳನ್ನು ಮಾಡುತ್ತ ದೇಶದ ದೊಡ್ಡ ಶಿಲ್ಪಿಗಳಲ್ಲಿ ಒಬ್ಬರಾಗಿ, 2025ರಲ್ಲಿ ತೀರಿಕೊಂಡರು. ಬಾಕ್ರೆ ನಡೆದ ದಾರಿಯನ್ನು ಹಿಮ್ಮತ್ ಶಾ ಎದುರು ದಿಕ್ಕಿನಿಂದ ನಡೆದರು. ಗುಂಪಿನ ಆಸರೆ ತಪ್ಪಿದ ಮೇಲೆ, ಒಬ್ಬಂಟಿಯಾಗಿ, ವರ್ಷಗಳ ತಾಳ್ಮೆಯಿಂದ ಅದು ಸಾಧ್ಯವಾಯಿತು. ಗುಂಪು ಪ್ರದರ್ಶನವೇ ಶಿಲ್ಪಕ್ಕೆ ಒಗ್ಗದೆಂದು ಇದರಿಂದ ತೀರ್ಮಾನಿಸಬೇಕೋ? ನನಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ. ಒಂದು ಒಳ್ಳೆಯ ಶಿಲ್ಪ ಕೋಣೆಯ ನಡುವೆ ನಿಂತರೆ ಸುತ್ತಲ ಚಿತ್ರಗಳ ದಪ್ಪ ತೆಳುವು ಕೂಡ ಬೇರೆಯಾಗಿ ಕಾಣುತ್ತದೆ. ಚಪ್ಪಟೆ ಬಣ್ಣ ತನ್ನ ಚಪ್ಪಟೆತನಕ್ಕೆ ಕಾರಣ ಕೊಡಬೇಕಾಗುತ್ತದೆ. ಚಿತ್ರಕಾರರಿಗೇ ಅದರಿಂದ ಲಾಭ.

ನಮ್ಮ ಊರುಗಳಲ್ಲಿ ಗುಂಪು ಪ್ರದರ್ಶನ ಏರ್ಪಡಿಸುವವರು ಈ ಸಭೆಯಲ್ಲೂ ಕೆಲವರು ಇದ್ದೀರಿ. ನಿಮ್ಮಲ್ಲಿ ಮೂರು ಕೋರಿಕೆಗಳಿವೆ, ಮೂರೂ ಖರ್ಚಿಲ್ಲದವು. ಚಿತ್ರಗಳ ಮೊಳೆ ಹೊಡೆಯುವ ಮೊದಲೇ ಶಿಲ್ಪಗಳ ಜಾಗ ನಿಶ್ಚಯಿಸಿ. ಈಗ ಆಗುವುದು ತಿರುಗುಮುರುಗು. ಚಿತ್ರಗಳೆಲ್ಲ ತೂಗಿದ ಮೇಲೆ ಪೀಠಗಳನ್ನು ಮೂಲೆಗೆ ಸರಿಸುತ್ತಾರೆ, ಹಿಂಬದಿ ಗೋಡೆಗೆ ಒತ್ತಿಕೊಳ್ಳುತ್ತದೆ, ಸುತ್ತು ಹಾಕಿ ನೋಡಬೇಕಾದ ವಸ್ತುವನ್ನು ಉಬ್ಬುಶಿಲ್ಪದಂತೆ ಒಂದೇ ಕಡೆಯಿಂದ ನೋಡಿ ಜನ ಮುಂದೆ ಹೋಗುತ್ತಾರೆ. ಎರಡನೆಯದು, ಕ್ಯಾಟಲಾಗಿನಲ್ಲಿ ಶಿಲ್ಪಕ್ಕೆ ಕನಿಷ್ಠ ಎರಡು ಬದಿಯ ಫೋಟೋ ಹಾಕಿ, ಒಂದು ಹಿಂದಿನದಿರಲಿ. ಚಿತ್ರದ ಫೋಟೋ ಹೆಚ್ಚುಕಡಿಮೆ ಚಿತ್ರವನ್ನೇ ಒಯ್ಯುತ್ತದೆ, ಶಿಲ್ಪದ ಒಂದೇ ಫೋಟೋ ಅದರ ಕಾಲು ಭಾಗವನ್ನೂ ಒಯ್ಯದು. ಮೂರನೆಯದು ಉದ್ಘಾಟನೆಯ ದಿನದ್ದು. ಹಾರ, ಶಾಲು, ಹಣ್ಣಿನ ಬುಟ್ಟಿಗಳನ್ನು ಇಳಿಸಲು ಬೇರೆ ಮೇಜು ತರಿಸಿ, ಖಾಲಿ ಕಂಡ ಪೀಠದ ಮೇಲೆ ಇಡಬೇಡಿ. ಅದರ ಮೇಲೆ ನಿಲ್ಲಬೇಕಾದ ಮೂರ್ತಿಯನ್ನು ಶಿಲ್ಪಿ ಇನ್ನೂ ಲಗೇಜು ಆಟೋದಿಂದ ಇಳಿಸುತ್ತಿರುತ್ತಾರೆ.